ನಕ್ಷತ್ರಲೋಕದಲ್ಲಿ ಅಶುಭವೆಂಬುದು ಇಲ್ಲ

ಭೂಮಿಯನ್ನು ನಂಬಿ ಒಕ್ಕಲುತನ ಮಾಡುವವನಷ್ಟು ಆಕಾಶವನ್ನು ನೋಡಿದವನು ಬೇರೊಬ್ಬನಿಲ್ಲ. ರೋಹಿಣಿ ಮಳೆ ಸುರಿಯಿತೇ, ಮಿರಗ ಕೂಡಿತೇ, ಆರಿದ್ರ ಹಿಡಿಯಿತೇ ಎಂದು ನಮ್ಮ ಹಿರಿಯರು ಲೆಕ್ಕ ಹಾಕುತ್ತ ಬಂದಿದ್ದಾರೆ. ಅಕ್ಷರ ಬಾರದ ಮುದುಕಿಯೂ ಮಳೆನಕ್ಷತ್ರಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲಳು. ನಕ್ಷತ್ರಗಳೊಂದಿಗೆ ಇಷ್ಟು ಹಳೆಯ ನಂಟು ಇಟ್ಟುಕೊಂಡ ನಮ್ಮ ಜನರಿಗೆ ಆ ನಕ್ಷತ್ರಗಳ ನಡುವೆ ಏನಿದೆ ಎಂಬುದನ್ನು ತಿಳಿಸುವವರು ಮಾತ್ರ ಕಡಿಮೆ. ಕಳೆದ ಮೂವತ್ತೈದು ವರ್ಷಗಳಲ್ಲಿ ವಿಜ್ಞಾನಿಗಳು ಬಾಹ್ಯಾಕಾಶಕ್ಕೆ ದೊಡ್ಡ ದೊಡ್ಡ ದೂರದರ್ಶಕಗಳನ್ನು ಏರಿಸಿ ಕಂಡ ಸಂಗತಿಗಳು ಪೇಟೆಯ ಓದಿದವರ ಸೊತ್ತಷ್ಟೇ ಆಗಬಾರದು. ಹೊಲದ ಬದುವಿನ ಮೇಲೆ ಕುಳಿತು ಮೋಡ ನೋಡುವ ಹಿರಿಯರಿಗೂ ಅವು ಸಲ್ಲಬೇಕು. ಏಕೆಂದರೆ ಆ ಅರಿವಿನಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ಬದುಕಿಗೆ ಸಂಬಂಧಿಸಿದ ಮಾತೊಂದು ಅಡಗಿದೆ.

ಮಂಜಿನಂತೆ ಕಾಣುವ ಬೆಳಕು

ಮಿರಗದ ಮಳೆ ಬೀಳುವ ಕಾಲದಲ್ಲಿ ಮೃಗಶಿರಾ ನಕ್ಷತ್ರ ರಾತ್ರಿ ನಮಗೆ ಕಾಣುವುದಿಲ್ಲ. ಆಗ ಸೂರ್ಯನು ಅದೇ ದಿಕ್ಕಿನಲ್ಲಿ ಇರುವುದರಿಂದ ಅದು ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಅದನ್ನು ನೋಡಬೇಕಾದರೆ ಸುಗ್ಗಿಯ ಚಳಿಗಾಲಕ್ಕೆ ಕಾಯಬೇಕು. ಜನವರಿ ತಿಂಗಳಿನಲ್ಲಿ ರಾತ್ರಿ ಒಂಬತ್ತು-ಹತ್ತರ ಸುಮಾರಿಗೆ ಅಂಗಳದಲ್ಲಿ ನಿಂತು ನೆತ್ತಿಯಿಂದ ತುಸು ದಕ್ಷಿಣಕ್ಕೆ ನೋಡಿರಿ. ಒಂದೇ ಸಾಲಿನಲ್ಲಿ ಮೂರು ಚುಕ್ಕೆಗಳು ಕಾಣುತ್ತವೆ. ಅದರ ಒಂದು ಬದಿಗೆ ಕೆಂಪಾಗಿ ಹೊಳೆಯುವುದೇ ಆರಿದ್ರ. ಮೂರು ಚುಕ್ಕೆಗಳ ಇನ್ನೊಂದು ಬದಿಗೆ ಸಣ್ಣ ಚುಕ್ಕೆಗಳ ಇನ್ನೊಂದು ಕಿರುಸಾಲು ಇದೆ. ಅದರ ನಡುವಿನ ಚುಕ್ಕೆಯನ್ನು ದಿಟ್ಟಿಸಿದರೆ ಉಳಿದವುಗಳಂತೆ ಅದು ಚೂಪಾಗಿಲ್ಲ, ಉಸಿರು ತಾಗಿದ ಕನ್ನಡಿಯಂತೆ ಮಬ್ಬಾಗಿದೆ. ಅದು ನಕ್ಷತ್ರವಲ್ಲ, ನೀಹಾರಿಕೆ. ನೀಹಾರವೆಂದರೆ ಮಂಜು. ಬಾಹ್ಯಾಕಾಶದಲ್ಲಿ ಹರಡಿಕೊಂಡ ಅನಿಲ ಮತ್ತು ಧೂಳಿನ ಮಹಾಮೋಡಕ್ಕೆ ಈ ಹೆಸರು. ಇದನ್ನು ಒರೈಯನ್ ನೀಹಾರಿಕೆ ಎಂದು ಕರೆಯುತ್ತಾರೆ.

ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಸಾಕು. ಅದೇ ಬೆಳಕು ಒಂದು ವರ್ಷ ಓಡಿದರೆ 9.46 ಲಕ್ಷ ಕೋಟಿ ಕಿಲೋಮೀಟರ್ ಆಗುತ್ತದೆ. ಇದಕ್ಕೆ ಒಂದು ಜ್ಯೋತಿರ್ವರ್ಷ ಎನ್ನುತ್ತಾರೆ. ಒರೈಯನ್ ನೀಹಾರಿಕೆಯು ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಇಂದು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಆ ಮಬ್ಬುಬೆಳಕು ಅಲ್ಲಿಂದ ಹೊರಟಾಗ ಈ ನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು. ರಾಜ್ಯಗಳು ಬಂದವು, ರಾಜ್ಯಗಳು ಅಳಿದವು. ಆ ಬೆಳಕು ಮಾತ್ರ ಎಲ್ಲಿಯೂ ತಂಗದೆ ನಡೆದು ನಮ್ಮ ಅಂಗಳಕ್ಕೆ ಬಂದು ಇಳಿದಿದೆ.

ಆ ಮೋಡದೊಳಗೆ ನಡೆಯುತ್ತಿರುವುದೇನು? ಅಲ್ಲಿ ಹೊಸ ಸೂರ್ಯರು ಹುಟ್ಟುತ್ತಿದ್ದಾರೆ. ಅನಿಲವು ತನ್ನ ಭಾರಕ್ಕೆ ತಾನೇ ಕುಸಿದು ಗಟ್ಟಿಯಾಗಿ, ನಡುವಿನಲ್ಲಿ ಶಾಖವೇರಿ, ಒಂದು ದಿನ ನಕ್ಷತ್ರವಾಗಿ ಹೊತ್ತಿಕೊಳ್ಳುತ್ತದೆ. ರೈತರು ನೆಲ ಹದ ಮಾಡಿ ಸಸಿಮಡಿ ಬೆಳೆಸುವಂತೆ ಇದು ನಕ್ಷತ್ರಗಳ ಸಸಿಮಡಿ. ಸುಮಾರು 24 ಜ್ಯೋತಿರ್ವರ್ಷಗಳಷ್ಟು ಹರವಿನ ಈ ಮಡಿಯಲ್ಲಿ ಸಾವಿರಾರು ಎಳೆಯ ನಕ್ಷತ್ರಗಳಿವೆ. ಅವುಗಳಲ್ಲಿ ಅನೇಕವುಗಳ ಸುತ್ತ ಧೂಳಿನ ಚಪ್ಪಟೆ ತಟ್ಟೆಗಳು ತಿರುಗುತ್ತಿರುವುದನ್ನು 1990ರ ದಶಕದ ಆರಂಭದಲ್ಲಿ ಕಂಡುಕೊಂಡರು. ಇಂಥ ತಟ್ಟೆಗಳಿಂದಲೇ ಮುಂದೆ ಗ್ರಹಗಳು ಆಗುತ್ತವೆ. ನಮ್ಮ ಭೂಮಿಯೂ ಸುಮಾರು 450 ಕೋಟಿ ವರ್ಷಗಳ ಹಿಂದೆ ಹೀಗೆಯೇ ಆಯಿತು.

ತಪ್ಪು ತಿದ್ದಿಕೊಂಡ ಕಣ್ಣು

ಇಷ್ಟು ದೂರದ ವಸ್ತುವಿನ ಗುಣವನ್ನು ಇಲ್ಲಿ ಕುಳಿತು ತಿಳಿಯುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಬೆಳಕನ್ನು ಒಡೆದು ಬಣ್ಣಗಳನ್ನು ಬಿಡಿಸಿ ತೋರಿಸುವ ರೋಹಿತದರ್ಶಕವೆಂಬ ಉಪಕರಣವುಂಟು. ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಬಣ್ಣದ ಗೆರೆಗಳನ್ನು ಬಿಡುತ್ತದೆ. ಕೂಗು ಕೇಳಿದರೆ ಇಂಥ ಮನೆಯ ಎತ್ತು ಎಂದು ಕತ್ತಲಲ್ಲಿಯೂ ಗುರುತಿಸುವಂತೆ, ಗೆರೆ ನೋಡಿ ಇದು ಜಲಜನಕ, ಇದು ಆಮ್ಲಜನಕ ಎಂದು ಹೇಳಬಹುದು. 1864ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಎಂಬವರು ಮೊದಲ ಬಾರಿಗೆ ಒಂದು ನೀಹಾರಿಕೆಯ ಬೆಳಕನ್ನು ಹೀಗೆ ಪರೀಕ್ಷಿಸಿ, ಅದು ಕಾಯ್ದ ಅನಿಲವೆಂದು ಸಾಧಿಸಿದರು. ಆದರೆ ಅಲ್ಲಿ ಕಂಡ ಹಸಿರು ಗೆರೆ ಯಾವ ವಸ್ತುವಿನದೆಂದು ತಿಳಿಯಲಿಲ್ಲ. ಭೂಮಿಯ ಮೇಲಿಲ್ಲದ ಹೊಸ ವಸ್ತುವಿರಬೇಕೆಂದು ಭಾವಿಸಿ ಅದಕ್ಕೊಂದು ಹೆಸರನ್ನೂ ಇಟ್ಟರು. ಕೊನೆಗೆ 1927ರಲ್ಲಿ ಅಮೆರಿಕದ ಐರಾ ಬೋವೆನ್ ಅದು ನಾವು ಉಸಿರಾಡುವ ಆಮ್ಲಜನಕವೇ, ಅತಿ ವಿರಳವಾದ ಸ್ಥಿತಿಯಲ್ಲಿ ಹೀಗೆ ಹೊಳೆಯುತ್ತದೆ ಎಂದು ತೋರಿಸಿದರು. ಅರವತ್ತಮೂರು ವರ್ಷ ಪರದೇಶಿಯೆಂದು ತಿಳಿದದ್ದು ಕೊನೆಗೆ ಮನೆಯವನೇ ಆಗಿದ್ದ!

ಭೂಮಿಯ ಗಾಳಿಯ ಪದರು ನಕ್ಷತ್ರಗಳ ಬೆಳಕನ್ನು ಕದಡುತ್ತದೆ. ತಿಳಿನೀರಾದರೂ ಹರಿಯುವ ಹಳ್ಳದ ತಳದ ಕಲ್ಲು ಅಲುಗಾಡಿದಂತೆ ಕಾಣುವುದಿಲ್ಲವೇ? ಹಾಗೆಯೇ ಇದು. ಆದ್ದರಿಂದ ಗಾಳಿಯ ಮೇಲಕ್ಕೇ ದೂರದರ್ಶಕವನ್ನು ಒಯ್ಯಬೇಕೆಂದು ವಿಜ್ಞಾನಿಗಳು ಹಂಬಲಿಸಿದರು. 1990ರ ಏಪ್ರಿಲ್ 24ರಂದು ಹಬಲ್ ದೂರದರ್ಶಕವು ಬಾಹ್ಯಾಕಾಶಕ್ಕೆ ಏರಿತು. ಜಗತ್ತೆಲ್ಲ ಕಾದು ಕುಳಿತಿತ್ತು. ಆದರೆ ಬಂದ ಚಿತ್ರಗಳು ಮಸುಕಾಗಿದ್ದವು. 2.4 ಮೀಟರ್ ಅಗಲದ ಅದರ ಕನ್ನಡಿಯನ್ನು ಉಜ್ಜುವಾಗ ಅಂಚಿನಲ್ಲಿ ತಲೆಗೂದಲಿನ ಐವತ್ತರಲ್ಲಿ ಒಂದು ಪಾಲಿನಷ್ಟು ತಪ್ಪಾಗಿತ್ತು. ಲೋಕ ನಕ್ಕಿತು. ಅವರು ತಪ್ಪನ್ನು ಮುಚ್ಚಿಡಲಿಲ್ಲ, ಕೈಚೆಲ್ಲಿ ಕೂರಲೂ ಇಲ್ಲ. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ, ಐದು ಬಾರಿ ನೌಕೆಯ ಹೊರಗೆ ತೇಲುತ್ತ ದುಡಿದು, ಮಂಜುಗಣ್ಣಿಗೆ ಕನ್ನಡಕ ತೊಡಿಸಿದಂತೆ ಅದನ್ನು ಸರಿಪಡಿಸಿದರು. 1995ರಲ್ಲಿ ಅದೇ ಕಣ್ಣು ಹದ್ದು ನೀಹಾರಿಕೆಯ ಧೂಳಿನ ಕಂಬಗಳನ್ನು ತೋರಿಸಿದಾಗ ನಕ್ಕವರೇ ಬೆರಗಾದರು. ಮಾಡುವ ಕಾಯಕದಲ್ಲಿ ಕೂದಲೆಳೆಯ ತಪ್ಪೂ ಎಷ್ಟು ದೊಡ್ಡದು, ತಪ್ಪನ್ನು ಒಪ್ಪಿ ತಿದ್ದಿಕೊಂಡವನು ಎಷ್ಟು ದೊಡ್ಡವನಾಗಬಲ್ಲ ಎಂಬ ಎರಡೂ ಪಾಠಗಳು ಇದರಲ್ಲಿವೆ.

ಅದರ ನಂತರ 2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ಎಂಬ ಇನ್ನೂ ದೊಡ್ಡ ದೂರದರ್ಶಕ ಹಾರಿತು. ಚಿನ್ನದ ಲೇಪವಿರುವ ಹದಿನೆಂಟು ಷಟ್ಕೋನ ಕನ್ನಡಿಗಳನ್ನು ಜೇನುಗೂಡಿನಂತೆ ಜೋಡಿಸಿದ 6.5 ಮೀಟರ್ ಅಗಲದ ಕಣ್ಣು ಅದರದು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಅದು ನೋಡುತ್ತದೆ. ಧೂಳಿನ ಪರದೆಯ ಹಿಂದೆ ಅಡಗಿದ ಎಳೆಯ ನಕ್ಷತ್ರಗಳೂ ಅದಕ್ಕೆ ಕಾಣುತ್ತವೆ. 2022ರ ಜುಲೈ 12ರಂದು ಅದರ ಮೊದಲ ಚಿತ್ರಗಳು ಬಂದಾಗ ಅವುಗಳಲ್ಲಿ ಎರಡು ನೀಹಾರಿಕೆಗಳವೇ ಆಗಿದ್ದವು.

ಈ ಚಿತ್ರಗಳ ಬಣ್ಣ ನಿಜವೇ ಎಂಬ ಸಂಶಯ ಹಲವರಿಗೆ ಬರುತ್ತದೆ. ನೀಹಾರಿಕೆಯ ಹತ್ತಿರ ಹೋಗಿ ಬರಿಗಣ್ಣಿನಿಂದ ನೋಡಿದರೂ ಅಷ್ಟು ಗಾಢವಾದ ಬಣ್ಣ ಕಾಣದು. ಎಷ್ಟೋ ಚಿತ್ರಗಳಲ್ಲಿ ಗಂಧಕಕ್ಕೆ ಒಂದು ಬಣ್ಣ, ಜಲಜನಕಕ್ಕೆ ಒಂದು, ಆಮ್ಲಜನಕಕ್ಕೆ ಒಂದು ಎಂದು ವಿಜ್ಞಾನಿಗಳು ಗುರುತಿಗಾಗಿ ಹಾಕುತ್ತಾರೆ. ಭೂಪಟದಲ್ಲಿ ಜಿಲ್ಲೆಗೊಂದು ಬಣ್ಣ ಹಾಕಿದ ಹಾಗೆ. ಬಣ್ಣ ಹಾಕಿದ್ದರಿಂದ ಜಿಲ್ಲೆ ಸುಳ್ಳಾಗುವುದಿಲ್ಲ. ಆ ಅನಿಲ, ಆ ಆಕಾರ, ಆ ವಿಸ್ತಾರ ಎಲ್ಲವೂ ದಿಟವೇ.

ಮೂಲಾ ನಕ್ಷತ್ರದ ಮಗ್ಗುಲಲ್ಲಿ

ಈಗ ಆಕಾಶದ ಇನ್ನೊಂದು ಬದಿಗೆ ಬರೋಣ. ಮಿರಗ ಮತ್ತು ಆರಿದ್ರ ಮಳೆಗಳ ದಿನಗಳಲ್ಲಿ ಸೂರ್ಯನಿಗೆ ನೇರ ಎದುರಾಗಿ, ರಾತ್ರಿಯಿಡೀ ಆಕಾಶದಲ್ಲಿ ಇರುವ ನಕ್ಷತ್ರಗಳು ಯಾವುವು? ಜ್ಯೇಷ್ಠಾ ಮತ್ತು ಮೂಲಾ. ಜೂನ್ ಕೊನೆಯಲ್ಲಿ ಮೋಡ ಚದುರಿದ ರಾತ್ರಿ ಒಂಬತ್ತರ ಹೊತ್ತಿಗೆ ದಕ್ಷಿಣ ದಿಕ್ಕಿಗೆ ನೋಡಿದರೆ ಕೊಂಡಿ ಮಡಚಿದ ಚೇಳಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಅದೇ ವೃಶ್ಚಿಕ. ಅದರ ಎದೆಯಲ್ಲಿ ಕೆಂಪಾಗಿರುವುದು ಜ್ಯೇಷ್ಠಾ. ಕೊಂಡಿಯ ತುದಿಯಲ್ಲಿ ಜೋಡಿ ಕಣ್ಣುಗಳಂತೆ ಇರುವುದು ಮೂಲಾ. ನಮ್ಮ ಸೂರ್ಯನೂ ಸೇರಿದಂತೆ ಕೋಟ್ಯಂತರ ನಕ್ಷತ್ರಗಳಿರುವ ಆಕಾಶಗಂಗೆಯ ನಡುಮಧ್ಯವೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದೆ.

ಈ ಮೂಲಾ ನಕ್ಷತ್ರದ ಮಗ್ಗುಲಲ್ಲಿ, ಬರಿಗಣ್ಣಿಗೆ ಕಾಣದಷ್ಟು ದೂರದಲ್ಲಿ, ಜಗತ್ತಿನ ವಿಜ್ಞಾನಿಗಳು ಮನಸೋತ ಒಂದು ನೀಹಾರಿಕೆಯಿದೆ. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಇರುವುದರಿಂದ ಅದನ್ನು ಚಿಟ್ಟೆ ನೀಹಾರಿಕೆ ಎಂದೇ ಕರೆಯುತ್ತಾರೆ. ದೂರ ಸುಮಾರು 3,400 ಜ್ಯೋತಿರ್ವರ್ಷ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಎರಡು ಜ್ಯೋತಿರ್ವರ್ಷಗಳಿಗೂ ಮಿಗಿಲು. ಒರೈಯನ್ ನೀಹಾರಿಕೆಯದು ಹುಟ್ಟಿನ ಕಥೆಯಾದರೆ ಇದು ನಕ್ಷತ್ರದ ಮುಪ್ಪಿನ ಕಥೆ. ಒಂದು ಕಾಲಕ್ಕೆ ಸೂರ್ಯನ ಐದು ಪಟ್ಟು ತೂಕವಿದ್ದ ನಕ್ಷತ್ರವೊಂದು ತನ್ನ ಉರುವಲು ತೀರುತ್ತ ಬಂದಂತೆ ಮೈಮೇಲಿನ ಪದರುಗಳನ್ನು ಒಂದೊಂದಾಗಿ ಹೊರಕ್ಕೆ ಬಿಟ್ಟಿತು. ಅವೇ ಈ ರೆಕ್ಕೆಗಳು. ಉಳಿದ ತಿರುಳಿನ ಶಾಖ ಸುಮಾರು ಎರಡು ಲಕ್ಷ ಡಿಗ್ರಿಗಿಂತ ಮೇಲೆ. ನಮ್ಮ ಸೂರ್ಯನ ಮೇಲ್ಮೈ ಶಾಖ ಐದೂವರೆ ಸಾವಿರ ಡಿಗ್ರಿ ಮಾತ್ರ. 2009ರಲ್ಲಿ ಹಬಲ್ ಕಳಿಸಿದ ಇದರ ಚಿತ್ರ ಲೋಕಪ್ರಸಿದ್ಧವಾಯಿತು. 2025ರಲ್ಲಿ ವೆಬ್ ದೂರದರ್ಶಕವು ಅದರ ನಡುವಿನ ಧೂಳಿನ ಬಳೆಯನ್ನು ಹೊಕ್ಕು ನೋಡಿದಾಗ, ನಮ್ಮ ಹೊಲಗಳಲ್ಲಿ ಸಿಗುವ ಬೆಣಚುಕಲ್ಲಿನಂಥ ಹರಳುಗಳು ಅಲ್ಲಿ ಕಂಡುಬಂದವು.

ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೊಂದು ಇಲ್ಲಿದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಬೆಳಕಿನಲ್ಲಿ ನೋಡುವ ಜೋಡಿ ದೂರದರ್ಶಕವೊಂದಿತ್ತು. ಅದನ್ನು ಜೋಡಿಸಿ ಸಿದ್ಧಪಡಿಸಿದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ಆ ಕಣ್ಣಿನಿಂದ ಈ ಚಿಟ್ಟೆಯನ್ನು ನೋಡಿದಾಗ, ಎಲ್ಲರಿಗೂ ಕಾಣುವ ರೆಕ್ಕೆಗಳ ಆಚೆಗೂ ಅನಿಲ ಹರಡಿರುವುದು ತಿಳಿದುಬಂತು. 2018ರಲ್ಲಿ ಅದು ಪ್ರಕಟವಾಯಿತು. ಹೊಸಕೋಟೆಯ ನೆಲದಲ್ಲಿ ರೂಪುಗೊಂಡ ಕಣ್ಣು ಮೂಲಾ ನಕ್ಷತ್ರದ ದಿಕ್ಕಿನಲ್ಲಿ ಲೋಕಕ್ಕೆ ಹೊಸದೊಂದನ್ನು ತೋರಿಸಿಕೊಟ್ಟಿತು.

ಬೂದಿಯಿಂದ ಬೆಳೆ

ಚಿಟ್ಟೆ ನೀಹಾರಿಕೆಯಂಥವು ಆಕಾಶದಲ್ಲಿ ಚೆಲ್ಲುವುದು ವ್ಯರ್ಥವಾಗುವುದಿಲ್ಲ. ಒಲೆಯ ಬೂದಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದ ಕಾಳು ಮತ್ತೆ ಒಲೆಯ ಮೇಲಿನ ಗಡಿಗೆಗೆ ಬರುವಂತೆ, ಮುಪ್ಪಾದ ನಕ್ಷತ್ರ ಬಿಟ್ಟ ಧೂಳು ಮುಂದಿನ ನೀಹಾರಿಕೆಗೆ ಸೇರಿ ಅಲ್ಲಿ ಹೊಸ ನಕ್ಷತ್ರ, ಹೊಸ ಗ್ರಹಗಳ ಬೆಳೆಗೆ ಗೊಬ್ಬರವಾಗುತ್ತದೆ. ನಾವು ಬೆಳೆಗೆ ಹಾಕುವ ಸಾರಜನಕ ಬಹುಪಾಲು ಇಂಥ ನಕ್ಷತ್ರಗಳ ಒಡಲಲ್ಲಿಯೇ ಹುಟ್ಟಿದ್ದು. ನೇಗಿಲ ಗುಳದ ಕಬ್ಬಿಣ, ನೆತ್ತರಿನ ಕಬ್ಬಿಣ, ಎಲುಬಿನ ಸುಣ್ಣ ಇವೆಲ್ಲ ಸೂರ್ಯನಿಗಿಂತ ಮುಂಚೆ ಬಾಳಿ ಸಿಡಿದುಹೋದ ನಕ್ಷತ್ರಗಳ ಕೊಡುಗೆ. ಹಣೆಗೆ ಬೂದಿ ಧರಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಾವ ಜಾತಿಯವನಾಗಲಿ, ಯಾವ ತಿಥಿಯಲ್ಲಿ ಹುಟ್ಟಿದವಳಾಗಲಿ, ಎಲ್ಲರ ದೇಹವೂ ಅದೇ ಬೂದಿಯಿಂದಲೇ ಆಗಿದೆ.

ಹೆಣ್ಣಿನ ಹಣೆಬರಹಕ್ಕೆ ನಕ್ಷತ್ರ ಹೊಣೆಯೇ?

ಹೀಗಿರುವಾಗ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಗಂಡಿನ ಕಡೆಯವರು ಬರುತ್ತಾರೆ, ಉಪ್ಪಿಟ್ಟು-ಚಹಾ ಆಗುತ್ತದೆ, ಹೆಣ್ಣು ಒಪ್ಪಿಗೆ, ಮನೆತನ ಒಪ್ಪಿಗೆ. ಜಾತಕ ಕೈಗೆ ಬಂದ ಮೇಲೆ ಮಾತು ನಿಲ್ಲುತ್ತದೆ. ಹುಡುಗಿಯದು ಮೂಲಾ ನಕ್ಷತ್ರ, ಮಾವನಿಗೆ ಆಗದು. ಆಶ್ಲೇಷಾ ಆದರೆ ಅತ್ತೆಗೆ ಆಗದು, ಜ್ಯೇಷ್ಠಾ ಆದರೆ ಭಾವನಿಗೆ, ವಿಶಾಖಾ ಆದರೆ ಮೈದುನನಿಗೆ ಆಗದು ಎನ್ನುತ್ತಾರೆ. ಹಾಗೆ ಎದ್ದು ಹೋದವರ ಚಪ್ಪಲಿಯ ಸದ್ದು ಒಳಮನೆಯಲ್ಲಿ ಬಾಗಿಲ ಹಿಂದೆ ನಿಂತ ಹುಡುಗಿಗೆ ಕೇಳಿಸುತ್ತದೆ. ಇಂಥದು ನಾಲ್ಕಾರು ಬಾರಿ ನಡೆದರೆ ತನ್ನ ಹುಟ್ಟೇ ತಪ್ಪೆಂದು ಆ ಮಗು ನಂಬತೊಡಗುತ್ತದೆ. ಕೆಲವು ತಂದೆತಾಯಿಗಳು ಹೆದರಿ ಸುಳ್ಳು ಜಾತಕ ಬರೆಸುತ್ತಾರೆ. ಕೆಲವರು ಇದ್ದ ಒಂದೆರಡು ಎಕರೆ ಮಾರಿ ಎರಡನೆಯ ಸಂಬಂಧಕ್ಕೋ ವಯಸ್ಸಾದವನಿಗೋ ಮಗಳನ್ನು ಒಪ್ಪಿಸುತ್ತಾರೆ.

ಲೆಕ್ಕವನ್ನಾದರೂ ಹಾಕಿ ನೋಡೋಣ. ನಕ್ಷತ್ರಗಳು ಇಪ್ಪತ್ತೇಳು. ಚಂದ್ರನು ಒಂದೊಂದರ ನೇರಕ್ಕೆ ಸುಮಾರು ಒಂದು ದಿನ ಇರುತ್ತಾನೆ. ಹುಟ್ಟಿದ ಹೊತ್ತಿಗೆ ಚಂದ್ರ ಯಾವ ದಿಕ್ಕಿನಲ್ಲಿದ್ದನೋ ಅದೇ ಜನ್ಮನಕ್ಷತ್ರ. ಇಪ್ಪತ್ತೇಳರಲ್ಲಿ ನಾಲ್ಕನ್ನು ದೂರವಿಟ್ಟರೆ ಏಳು ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬಳನ್ನು ದೂರವಿಟ್ಟಂತಾಯಿತು. ಅದೇ ನಕ್ಷತ್ರಗಳಲ್ಲಿ ಅಷ್ಟೇ ಗಂಡುಮಕ್ಕಳೂ ಹುಟ್ಟುತ್ತಾರೆ. ಅವರ ಅತ್ತೆ-ಮಾವಂದಿರಿಗೆ ಏನೂ ಆಗದೆ ಹೆಣ್ಣಿನದಕ್ಕೆ ಮಾತ್ರ ಆಗುವುದಾದರೆ ಅದು ನಕ್ಷತ್ರದ ನ್ಯಾಯವಲ್ಲ, ಮನುಷ್ಯನ ಅನ್ಯಾಯ. ಮೂಲಾ ನಕ್ಷತ್ರ ನೂರಾರು ಜ್ಯೋತಿರ್ವರ್ಷ ದೂರದ್ದು. ಆ ಹುಡುಗಿ ಹುಟ್ಟಿದ ರಾತ್ರಿ ಕಂಡ ಅದರ ಬೆಳಕು ಅವಳ ಮಾವನ ಮುತ್ತಜ್ಜ ಹುಟ್ಟುವುದಕ್ಕೂ ಎಷ್ಟೋ ತಲೆಮಾರು ಮೊದಲೇ ಅಲ್ಲಿಂದ ಹೊರಟದ್ದು. ಅದಕ್ಕೂ ಈ ಮನೆಗೂ ಏನು ಹಗೆ?

ಆದರೆ ಹಿರಿಯರು ಒಂದು ಮಾತು ಕೇಳುತ್ತಾರೆ: ನಕ್ಷತ್ರ ನೋಡಿ ಬಿತ್ತಿದರೆ ಬೆಳೆ ಬರುತ್ತದೆ, ಹಾಗಿದ್ದ ಮೇಲೆ ನಕ್ಷತ್ರಕ್ಕೆ ಬಲವಿಲ್ಲವೆಂದರೆ ಹೇಗೆ? ಇದು ತೂಕದ ಪ್ರಶ್ನೆ. ಮಳೆಯನ್ನು ಮೃಗಶಿರಾ ನಕ್ಷತ್ರ ಸುರಿಸುವುದಿಲ್ಲ. ಸೂರ್ಯನು ಆ ದಿಕ್ಕಿಗೆ ಬಂದನೆಂದರೆ ವರ್ಷದಲ್ಲಿ ಇಂಥ ಹೊತ್ತು ಆಯಿತೆಂದು ಅರ್ಥ. ಮಳೆ ತರುವುದು ಸೂರ್ಯನ ಶಾಖ, ಸಮುದ್ರದ ನೀರು, ಮುಂಗಾರಿನ ಗಾಳಿ. ನಕ್ಷತ್ರ ಗಡಿಯಾರದ ಅಂಕಿಯಿದ್ದಂತೆ. ಹನ್ನೆರಡು ಹೊಡೆದಾಗ ಹಸಿವಾಗುತ್ತದೆ ಎಂದ ಮಾತ್ರಕ್ಕೆ ಹಸಿವನ್ನು ತಂದದ್ದು ಗಡಿಯಾರವಲ್ಲ. ಪಂಚಾಂಗದ ಗಣಿತ ನಮ್ಮ ಪೂರ್ವಜರ ದೊಡ್ಡ ಸಾಧನೆ, ಅದಕ್ಕೆ ಕೈಮುಗಿಯೋಣ. ಆ ಗಣಿತಕ್ಕೆ ಅಂಟಿಕೊಂಡ ಭಯವನ್ನು ಮಾತ್ರ ಬಿಡೋಣ.

ಪಂಚಾಂಗವನ್ನೇ ಸರಿಯಾಗಿ ಓದಿದರೂ ಈ ಭಯ ನಿಲ್ಲದು. ಹುಣ್ಣಿಮೆಯ ಚಂದ್ರ ವಿಶಾಖಾ ನಕ್ಷತ್ರದ ಆಸುಪಾಸಿನಲ್ಲಿರುವ ತಿಂಗಳೇ ವೈಶಾಖ. ಬಸವ ಜಯಂತಿಯೂ ಅದೇ ತಿಂಗಳಲ್ಲಿ, ಮದುವೆಯ ಭರಾಟೆಯೂ ಅದೇ ತಿಂಗಳಲ್ಲಿ. ವಿಶಾಖೆಯ ಹೆಸರಿನ ತಿಂಗಳು ಮದುವೆಗೆ ಶ್ರೇಷ್ಠವಾದರೆ ವಿಶಾಖೆಯಲ್ಲಿ ಹುಟ್ಟಿದ ಮಗಳು ಏಕೆ ಬೇಡ? ಅದರ ಮುಂದಿನದು ಜ್ಯೇಷ್ಠ ಮಾಸ, ಅದರ ಹುಣ್ಣಿಮೆಯೇ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರೆಲ್ಲ ಸೇರಿ ಕರಿ ಹರಿಯುವ ಆ ದಿನ ತುಂಬುಚಂದ್ರ ಜ್ಯೇಷ್ಠಾ ನಕ್ಷತ್ರದ ನೆರೆಯಲ್ಲಿ, ಕೆಲವು ವರ್ಷ ಮೂಲಾದ ನೇರದಲ್ಲಿಯೇ ನಿಂತಿರುತ್ತಾನೆ. ಎತ್ತಿನ ಹಬ್ಬಕ್ಕೆ ಶುಭವಾದ ನಕ್ಷತ್ರ ಮನೆಮಗಳಿಗೆ ಅಶುಭವಾಗಬಹುದೇ?

ಹನ್ನೆರಡನೆಯ ಶತಮಾನದ ಶರಣರು ದೂರದರ್ಶಕ ಕಂಡವರಲ್ಲ. ಆದರೂ ವಾರ, ತಿಥಿ, ನಕ್ಷತ್ರಗಳ ಭಯವನ್ನು ಅವರು ಧೈರ್ಯವಾಗಿ ತಳ್ಳಿಹಾಕಿದರು. ಅವರು ಅನುಭಾವದಿಂದ ಆಡಿದ ಮಾತಿಗೆ ಇಂದು ಹಬಲ್, ವೆಬ್, ಆಸ್ಟ್ರೋಸ್ಯಾಟ್‌ಗಳು ಕಳಿಸಿದ ಚಿತ್ರಗಳು ಸಾಕ್ಷಿ ನುಡಿಯುತ್ತಿವೆ. ಎಲ್ಲಿ ಕೇಡಿದೆಯೆಂದು ನಾವು ಬೆರಳು ತೋರಿಸಿದೆವೋ ಅಲ್ಲಿ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ನಿಂತಿದೆ.

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮದುವೆಯ ಮಾತುಕತೆಯಲ್ಲಿ ಕೊನೆಯ ಮಾತು ನಿಮ್ಮದೇ ಆಗಿರುತ್ತದೆ. ಹುಡುಗ-ಹುಡುಗಿಯ ಗುಣ ನೋಡಿರಿ, ಆರೋಗ್ಯ ವಿಚಾರಿಸಿರಿ, ದುಡಿಮೆ ನೋಡಿರಿ, ಅವರಿಬ್ಬರ ಒಪ್ಪಿಗೆ ಕೇಳಿರಿ. ನಕ್ಷತ್ರದ ಹೆಸರು ಹೇಳಿ ಯಾರಾದರೂ ಎದ್ದು ನಿಂತರೆ, ಕುಳಿತುಕೊಳ್ಳಪ್ಪ ಎಂದು ಹೇಳುವ ಧೈರ್ಯ ನಿಮ್ಮದಾಗಲಿ. ಮಾವನ ಆಯುಷ್ಯ ಸೊಸೆಯ ನಕ್ಷತ್ರದಲ್ಲಿಲ್ಲ. ಅವಳು ಹೊತ್ತಿಗೆ ಸರಿಯಾಗಿ ಕೊಡುವ ಗುಳಿಗೆಯಲ್ಲಿ, ಬಡಿಸುವ ಬಿಸಿರೊಟ್ಟಿಯಲ್ಲಿ ಇದ್ದೀತು. ಮಳೆಗಾಲದಲ್ಲಿ ಮೋಡ ಹರಿದ ಒಂದು ರಾತ್ರಿ ಮೊಮ್ಮಕ್ಕಳನ್ನು ಮಾಳಿಗೆಯ ಮೇಲೆ ಕರೆದೊಯ್ದು ದಕ್ಷಿಣದ ಆ ಜೋಡಿ ಚುಕ್ಕೆಗಳನ್ನು ತೋರಿಸಿರಿ. ಇದು ಮೂಲಾ, ಇದರ ಪಕ್ಕದಲ್ಲಿ ಬೆಳಕಿನ ಚಿಟ್ಟೆಯೊಂದಿದೆ ಎಂದು ಹೇಳಿರಿ. ಆ ಮಕ್ಕಳಲ್ಲಿ ಮೂಲಾ ನಕ್ಷತ್ರದವಳು ಒಬ್ಬಳಿದ್ದರೆ ಈ ಮಾತನ್ನು ಅವಳ ಕೈ ಹಿಡಿದು ಹೇಳಿರಿ.